ಖಾತೆ ನಂಬರ್ ಬದಲಾಗಿದೆ ಅಂತ ಮೇಲ್ ಬಂದರೆ ಮೊದಲು ಫೋನ್ ಮಾಡಿ

ಸಣ್ಣ ಫ್ಯಾಕ್ಟರಿ, ಟ್ರೇಡಿಂಗ್ ಕಂಪನಿ ನಡೆಸುವವರು ಒಂದು ಬಗೆಯ ಮೇಲ್ ಬಗ್ಗೆ ತುಂಬಾ ಹುಷಾರಾಗಿರಬೇಕು. ಅದು ನಿಮಗೆ ಮಾಲು ಕೊಡುವವರ ಹೆಸರಲ್ಲೇ ಬರುತ್ತದೆ, ಹಳೆಯ ಮಾತುಕತೆಯ ಕೆಳಗೇ ಬರುತ್ತದೆ, ಇನ್‌ವಾಯ್ಸ್ ನಂಬರ್, ಮೊತ್ತ ಎಲ್ಲ ಸರಿಯಾಗೇ ಇರುತ್ತದೆ. ಖಾತೆ ಮಾತ್ರ ಹೊಸದು. "ಆಡಿಟ್ ನಡೆಯುತ್ತಿದೆ, ಈ ಸಲ ಇದಕ್ಕೆ ಹಾಕಿ, ಅರ್ಜೆಂಟ್" ಅಂತ ಬರೆದಿರುತ್ತದೆ.

ಇಷ್ಟೆಲ್ಲ ವಿವರ ಕಳ್ಳರಿಗೆ ಹೇಗೆ ಸಿಗುತ್ತದೆ? ನಿಮ್ಮದೋ ಮಾಲು ಕೊಡುವವರದೋ ಮೇಲ್ ಪಾಸ್‌ವರ್ಡ್ ಕದ್ದು, ಎಷ್ಟೋ ದಿನ ಸುಮ್ನೆ ಮೇಲ್ ಓದುತ್ತಾ ಕೂತು, ಬಿಲ್ ಕಟ್ಟುವ ಹೊತ್ತಿಗೆ ಮಧ್ಯೆ ನುಗ್ಗುತ್ತಾರೆ.

ಹಾಗಾಗಿ ಖಾತೆ ಬದಲಾದರೆ ಫೋನ್ ಮಾಡಿ ಕೇಳದೆ ದುಡ್ಡು ಕಳಿಸಬೇಡಿ. ನಂಬರ್ ಹಳೆಯ ಬಿಲ್‌ನಿಂದ ತೆಗೆದುಕೊಳ್ಳಿ, ಆ ಮೇಲ್‌ನಲ್ಲಿರುವ ನಂಬರ್ ಬೇಡ. ಮೇಲ್‌ಗೇ ಉತ್ತರ ಬರೆದು ಕೇಳಿದರೆ ಪ್ರಯೋಜನವಿಲ್ಲ, ಅದನ್ನು ಓದುವವನು ಕಳ್ಳನೇ ಆಗಿರಬಹುದು ಅಲ್ವಾ? 2025ರ ಏಪ್ರಿಲ್ ಹೊತ್ತಿಗೆ ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಖಾತೆದಾರರ ಹೆಸರು ನೋಡುವ ಸೌಲಭ್ಯ ಕೊಡಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನೂ ಬಳಸಿ. ಅಕೌಂಟ್ಸ್ ನೋಡುವ ಹುಡುಗಿ ಪೇಮೆಂಟ್ ತಡೆದು "ಸರ್, ಒಂದ್ಸಲ ಕೇಳ್ಲಾ?" ಅಂದರೆ ದಯವಿಟ್ಟು ಗದರಬೇಡಿ. ಆ ಎರಡು ನಿಮಿಷ ತಡವಾದರೆ ಏನೂ ಹೋಗುವುದಿಲ್ಲ.

ಕಳಿಸಿದವರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ಓದಿ. ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕಪಕ್ಕ ಕೂತರೆ ಎಂ ತರ ಕಾಣುತ್ತದೆ, ಮೊಬೈಲ್‌ನಲ್ಲಂತೂ ಗೊತ್ತೇ ಆಗುವುದಿಲ್ಲ.

ಇನ್ನು ನಿಮ್ಮ ಕಡೆಯ ಕೆಲಸ. ಎಲ್ಲರ ಮೇಲ್ ಖಾತೆಗೂ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ, ಅಂದರೆ ಪಾಸ್‌ವರ್ಡ್ ಆದ ಮೇಲೆ ಕೋಡ್‌ನಂಥ ಇನ್ನೊಂದು ಗುರುತನ್ನೂ ಕೇಳುವ ಹಾಗೆ ಮಾಡಿ. ಒಂದೇ ಪಾಸ್‌ವರ್ಡ್ ಅನ್ನು ಇಡೀ ಆಫೀಸು ಬಳಸುವುದನ್ನು ನಿಲ್ಲಿಸಿ. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಿ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ಆಗಾಗ ತೆರೆದು ನೋಡಿ, ಒಳಗೆ ಬಂದವರು ಅಲ್ಲಿ ತಮ್ಮ ವಿಳಾಸ ಹಾಕಿಟ್ಟಿದ್ದರೆ ನೀವು ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಮೇಲ್‌ಗಳು ಅವರಿಗೆ ಹೋಗುತ್ತಲೇ ಇರುತ್ತವೆ. ಕಂಪನಿ ಹೆಸರಿನದೇ ಸ್ವಂತ ಡೊಮೇನ್ ಇದ್ದರೆ, ಮೇಲ್ ನಿಜಕ್ಕೂ ಅಲ್ಲಿಂದಲೇ ಬಂತಾ ಅಂತ ಪರೀಕ್ಷಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಕೊಡಲು ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಹೇಳಿ. ಇವಿಲ್ಲದಿದ್ದರೆ ನಿಮ್ಮ ವಿಳಾಸದಿಂದಲೇ ಬಂದಂತೆ ಯಾರು ಬೇಕಾದರೂ ಸುಲಭವಾಗಿ ಮೇಲ್ ಕಳಿಸಬಹುದು.

ದುಡ್ಡು ಹೋಗೇಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಆ ಮೇಲ್ ಡಿಲೀಟ್ ಮಾಡಬೇಡಿ. ಎಲ್ಲಿಂದ ಬಂತು ಅನ್ನುವ ಸುಳಿವು ಅದರ ಜೊತೆಗೇ ಬರುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ವಿವರಗಳಲ್ಲಿ, ಅಂದರೆ ಹೆಡರ್‌ನಲ್ಲಿರುತ್ತದೆ, ಸ್ಕ್ರೀನ್‌ಶಾಟ್‌ನಲ್ಲಿ ಅದು ಸಿಗುವುದಿಲ್ಲ.