ಫ್ರೆಂಡ್‌ನ ಮೈನ್‌ಕ್ರಾಫ್ಟ್ ವರ್ಲ್ಡ್‌ಗೆ ಸೇರೋಕೆ ಆಗ್ತಿಲ್ವಾ? ಮೊದಲು ಎರರ್ ಓದಿ

ಸೇರಲು ಆಗಲಿಲ್ಲ ಅಂದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ರೂಟರ್ ಆಫ್ ಮಾಡಿ ಆನ್ ಮಾಡುವುದು. ಎರಡನೆಯದು ಗೇಮ್ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು. ಬಹುತೇಕ ಸಲ ಎರಡೂ ಸುಮ್ನೆ ಟೈಮ್ ವೇಸ್ಟ್. ಸ್ಕ್ರೀನ್ ಮೇಲೆ ಒಂದು ಸಾಲು ಎರರ್ ಬಂದಿರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ. 'ಕನೆಕ್ಟ್ ಆಗ್ತಿಲ್ಲ ಮಗಾ' ಅಂತ ಗ್ರೂಪಿಗೆ ಹಾಕಿ ಕೂತುಬಿಡುತ್ತಾರೆ. ಅರ್ಧ ಉತ್ತರ ಆ ಸಾಲಿನಲ್ಲೇ ಇರುತ್ತದೆ. ತೊಂದರೆ ನಿಮ್ಮ ಕಡೆಯದ್ದಾ, ಹೋಸ್ಟ್ (ವರ್ಲ್ಡ್ ತೆರೆದಿಟ್ಟ ಗೆಳೆಯ) ಕಡೆಯದ್ದಾ, ಇಲ್ಲಾ ನಡುವಿನ ಇಂಟರ್ನೆಟ್ ಕಂಪನಿಯದ್ದಾ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಮೈನ್‌ಕ್ರಾಫ್ಟ್ ಇಟ್ಟುಕೊಂಡೇ ಬರೆಯುತ್ತೇನೆ. ಟೆರೇರಿಯಾ, ವ್ಯಾಲ್‌ಹೈಮ್ ತರಹ ಗೆಳೆಯರೇ ಹೋಸ್ಟ್ ಮಾಡುವ ಬೇರೆ ಗೇಮ್‌ಗಳನ್ನು ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಹಾಕಿ ಸೇರುವಾಗಲೂ ಮುಕ್ಕಾಲು ಪಾಲು ಇದೇ ಕಥೆ. ಪೋರ್ಟ್ ನಂಬರ್ (ಆ ವಿಳಾಸದಲ್ಲಿ ಗೇಮ್ ಕಾಯುವ ಬಾಗಿಲಿನ ನಂಬರ್) ಮಾತ್ರ ಬೇರೆ: ಟೆರೇರಿಯಾಗೆ 7777, ವ್ಯಾಲ್‌ಹೈಮ್‌ಗೆ 2456 ಮತ್ತು 2457.

ನೆಟ್‌ವರ್ಕ್ ಮುಟ್ಟುವ ಮೊದಲು

ಇಬ್ಬರೂ ಒಂದೇ ಮೈನ್‌ಕ್ರಾಫ್ಟ್ ಆಡ್ತಿದ್ದೀರಾ? ಅದರಲ್ಲಿ ಬೆಡ್‌ರಾಕ್, ಜಾವಾ ಅಂತ ಎರಡು ಆವೃತ್ತಿ ಇವೆ. ಫೋನಿನಲ್ಲಿ ಇರುವುದು ಬೆಡ್‌ರಾಕ್. ಕಂಪ್ಯೂಟರ್‌ನಲ್ಲಿ ಬೆಡ್‌ರಾಕ್ ಕೂಡ ಇರಬಹುದು, ಜಾವಾ ಕೂಡ ಇರಬಹುದು. ಹೋಸ್ಟ್ ಜಾವಾದಲ್ಲಿ, ನೀವು ಫೋನಿನಲ್ಲಿ ಅಂದ್ರೆ ರಾತ್ರಿಯಿಡೀ ತಲೆ ಕೆಡಿಸಿಕೊಂಡರೂ ಸೇರಲು ಆಗುವುದಿಲ್ಲ. ಹೋಸ್ಟ್ ತನ್ನ ಸರ್ವರ್‌ನಲ್ಲಿ ಗೀಸರ್ ಅನ್ನುವ, ಎರಡನ್ನೂ ಬೆಸೆಯುವ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಮಾತ್ರ ಆಗುತ್ತದೆ.

ಆಮೇಲೆ ವರ್ಷನ್. ಜಾವಾದಲ್ಲಿ 'ಔಟ್‌ಡೇಟೆಡ್ ಕ್ಲೈಂಟ್' ಅಂತ ಬಂದರೆ ನಿಮ್ಮದು ಹಳೆಯದು, 'ಔಟ್‌ಡೇಟೆಡ್ ಸರ್ವರ್' ಅಂತ ಬಂದರೆ ಹೋಸ್ಟ್‌ದು ಹಳೆಯದು. ಹೋಸ್ಟ್‌ಗೆ 'ಅಪ್‌ಡೇಟ್ ಮಾಡೋ' ಅಂತ ಗಂಟು ಬೀಳುವ ಬದಲು ನೀವೇ ಲಾಂಚರ್‌ನ ಇನ್‌ಸ್ಟಲೇಷನ್ಸ್ ಟ್ಯಾಬ್‌ಗೆ ಹೋಗಿ, ಅವನ ವರ್ಷನ್ ಆರಿಸಿ ಹೊಸದೊಂದು ಸೇರಿಸಿಕೊಳ್ಳಿ. ಎರಡು ನಿಮಿಷದ ಕೆಲಸ, ವರ್ಲ್ಡ್ ಕೆಡುವ ಭಯವೂ ಇಲ್ಲ.

'ಇನ್‌ವ್ಯಾಲಿಡ್ ಸೆಷನ್' ಬಂದರೆ ಗೇಮ್, ಲಾಂಚರ್ ಎರಡನ್ನೂ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. 'ಅನ್‌ನೋನ್ ಹೋಸ್ಟ್' ಬಂದರೆ ವಿಳಾಸದಲ್ಲಿ ಅಕ್ಷರ ತಪ್ಪಿದೆ, ಅಥವಾ ಕಾಪಿ ಮಾಡುವಾಗ ಪಕ್ಕದ ಯಾವುದೋ ಅಕ್ಷರವೂ ಅಂಟಿಕೊಂಡು ಬಂದಿದೆ. ಅಳಿಸಿ ಕೈಯಲ್ಲೇ ಟೈಪ್ ಮಾಡಿ. ವೈಟ್‌ಲಿಸ್ಟ್‌ನಲ್ಲಿ (ಸೇರಲು ಅನುಮತಿ ಇರುವವರ ಪಟ್ಟಿ) ಇಲ್ಲ ಅಂದರೆ ಹೋಸ್ಟ್ ನಿಮ್ಮ ಹೆಸರು ಸೇರಿಸಬೇಕು, ಅಷ್ಟೇ.

ರೆಫ್ಯೂಸ್ಡ್ ಬೇರೆ, ಟೈಮ್ಡ್ ಔಟ್ ಬೇರೆ

ಜಾಸ್ತಿ ಗೊಂದಲ ಆಗುವುದು ಇಲ್ಲೇ. 'ಕನೆಕ್ಷನ್ ರೆಫ್ಯೂಸ್ಡ್' ಮತ್ತು 'ಕನೆಕ್ಷನ್ ಟೈಮ್ಡ್ ಔಟ್' ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ.

ರೆಫ್ಯೂಸ್ಡ್ ಅಂದರೆ ನಿಮ್ಮ ಮನವಿ ಅಲ್ಲಿಯವರೆಗೆ ಹೋಗಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳುವವರು ಯಾರೂ ಇಲ್ಲ ಅಂತ ಕೂಡಲೇ ಉತ್ತರ ಬಂದಿದೆ. ದಾರಿ ಸರಿ ಇದೆ ಅಂತಲೇ ಹೆಚ್ಚಾಗಿ ಅರ್ಥ. ಹೋಸ್ಟ್ ಸರ್ವರ್ ಶುರು ಮಾಡಿಲ್ಲ, ವರ್ಲ್ಡ್ ಮುಚ್ಚಿದ್ದಾನೆ, ಇಲ್ಲವೇ ಪೋರ್ಟ್ ತಪ್ಪಾಗಿದೆ. ಕೊನೆಯದು ತುಂಬಾ ಸಾಮಾನ್ಯ. ಹೋಸ್ಟ್ ತನ್ನ ನೆಟ್‌ವರ್ಕ್‌ನವರಿಗೆ ವರ್ಲ್ಡ್ ತೆರೆಯುವ 'ಓಪನ್ ಟು ಲ್ಯಾನ್' ಒತ್ತಿದಾಗ ಅವನ ಚಾಟ್‌ನಲ್ಲಿ ಒಂದು ಪೋರ್ಟ್ ನಂಬರ್ ಕಾಣುತ್ತದೆ, ಉದಾಹರಣೆಗೆ 54873. ನಾಳೆ ಮತ್ತೆ ತೆರೆದರೆ ಆ ನಂಬರ್ ಬದಲಾಗಿರುತ್ತದೆ. ನೀವು ನಿನ್ನೆಯದನ್ನೇ ಸರ್ವರ್ ಲಿಸ್ಟ್‌ನಲ್ಲಿ ಸೇವ್ ಮಾಡಿಟ್ಟುಕೊಂಡು 'ನಿನ್ನೆ ಬರ್ತಿತ್ತು, ಇವತ್ತು ಬರ್ತಿಲ್ಲ' ಅಂತೀರಿ. ಜಾವಾ 1.19.3ರಿಂದ ಈಚೆಗೆ ಆ ಲ್ಯಾನ್ ಪರದೆಯಲ್ಲೇ ಪೋರ್ಟ್ ಟೈಪ್ ಮಾಡುವ ಜಾಗ ಇದೆ. ಪ್ರತಿ ಸಲ 25565 ಅಂತಲೇ ಹಾಕಲು ಹೋಸ್ಟ್‌ಗೆ ಹೇಳಿಬಿಡಿ.

ಟೈಮ್ಡ್ ಔಟ್ ಅಂದರೆ ಉತ್ತರವೇ ಇಲ್ಲ. ಮನವಿಯನ್ನು ದಾರಿಯಲ್ಲಿ ಯಾರೋ ನುಂಗಿದ್ದಾರೆ. ಯಾರು ಅಂತ ಹುಡುಕಬೇಕು.

ಮೊದಲು ಹೋಸ್ಟ್ ಕೊಟ್ಟ ಐಪಿ ನೋಡಿ. 192.168ರಿಂದಲೋ 10ರಿಂದಲೋ ಶುರುವಾದರೆ, ಅಥವಾ 172.16ರಿಂದ 172.31ರ ಒಳಗೆ ಇದ್ದರೆ, ಅದು ಅವನ ಮನೆಯೊಳಗಿನ ವಿಳಾಸ. ಅವನು ಹುಬ್ಬಳ್ಳಿಯಲ್ಲಿ, ನೀವು ಮೈಸೂರಿನಲ್ಲಿ ಇದ್ದರೆ ಅದರಿಂದ ಏನೂ ಉಪಯೋಗ ಇಲ್ಲ.

ಒಂದೇ ವೈಫೈನಲ್ಲಿ ಇದ್ದೂ ಆಗ್ತಿಲ್ಲ ಅಂದರೆ

ಮುಖ್ಯ ಅನುಮಾನ ವಿಂಡೋಸ್ ಫೈರ್‌ವಾಲ್ ಮೇಲೆ. ಮೊದಲ ಸಲ ವರ್ಲ್ಡ್ ತೆರೆದಾಗ ಒಂದು ಪೆಟ್ಟಿಗೆ ಮೂಡಿ 'ಅನುಮತಿ ಕೊಡಬೇಕಾ' ಅಂತ ಕೇಳುತ್ತದೆ. ಆಟದ ಅವಸರದಲ್ಲಿ ಕ್ಯಾನ್ಸಲ್ ಒತ್ತಿದರೆ ವಿಂಡೋಸ್ ಸುಮ್ಮನಿರುವುದಿಲ್ಲ, ಬ್ಲಾಕ್ ಮಾಡುವ ನಿಯಮವನ್ನೇ ಬರೆದಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದೂ ಇಲ್ಲ. ಹೋಸ್ಟ್ ಫೈರ್‌ವಾಲ್ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಇರುವ ಆ್ಯಪ್‌ಗಳ ಪಟ್ಟಿ ತೆರೆಯಬೇಕು. ಅಲ್ಲಿ ಮೈನ್‌ಕ್ರಾಫ್ಟ್ ಅಂತ ಹುಡುಕಿದರೆ ಬಹುಶಃ ಸಿಗುವುದಿಲ್ಲ. ಜಾವಾ ಆವೃತ್ತಿ ಅಲ್ಲಿ 'ಓಪನ್‌ಜೆಡಿಕೆ ಪ್ಲಾಟ್‌ಫಾರ್ಮ್ ಬೈನರಿ' ಅನ್ನುವ ಹೆಸರಲ್ಲಿ ಕೂತಿರುತ್ತದೆ. ಅದೇ ಹೆಸರು ನಾಲ್ಕೈದು ಸಲ ಇದ್ದರೂ ಗಾಬರಿ ಬೇಡ, ಬೇರೆ ಬೇರೆ ಜಾವಾಗೆ ಬೇರೆ ಬೇರೆ ನಮೂದು. ಎಲ್ಲದಕ್ಕೂ ಪ್ರೈವೇಟ್ ಕಾಲಂನಲ್ಲಿ ಟಿಕ್ ಹಾಕಿ. ಜೊತೆಗೆ ಮನೆಯ ವೈಫೈ ಪಬ್ಲಿಕ್ ಅಂತ ಗುರುತಾಗಿದ್ದರೆ ಅದನ್ನು ಪ್ರೈವೇಟ್ ಮಾಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಅಂತ ಯೂಟ್ಯೂಬ್‌ನಲ್ಲಿ ಹೇಳುವವರ ಮಾತು ಕೇಳಬೇಡಿ.

ಪಿಜಿ, ಹಾಸ್ಟೆಲ್ ವೈಫೈನಲ್ಲಿ ಕಥೆ ಬೇರೆ. ಅಲ್ಲಿ ಒಂದು ಸಾಧನ ಇನ್ನೊಂದು ಸಾಧನದ ಜೊತೆ ಮಾತಾಡದಂತೆ ತಡೆದಿರುತ್ತಾರೆ. ಪಕ್ಕದ ಮಂಚದಲ್ಲಿ ಕೂತವನ ವರ್ಲ್ಡ್ ಕೂಡ ಕಾಣುವುದಿಲ್ಲ. ವಾರ್ಡನ್ ಹತ್ತಿರ ವಾದ ಮಾಡಿ ಲಾಭ ಇಲ್ಲ. ಒಬ್ಬನ ಫೋನಿನ ಹಾಟ್‌ಸ್ಪಾಟ್‌ಗೆ ಎಲ್ಲರೂ ಸೇರಿಕೊಳ್ಳಿ. ಆಟದ ಮಾಹಿತಿ ಹಾಟ್‌ಸ್ಪಾಟ್ ಒಳಗೇ ಓಡಾಡುವುದರಿಂದ ಡೇಟಾ ಹೆಚ್ಚು ಖರ್ಚಾಗುವುದಿಲ್ಲ; ಲಾಗಿನ್‌ಗೆ ಮಾತ್ರ ಚೂರು ಬೇಕು.

ಬೇರೆ ಬೇರೆ ಊರು: ಅಸಲಿ ವಿಲನ್ ಸಿಜಿನ್ಯಾಟ್

ಇಂಟರ್ನೆಟ್ ಮೇಲೆ ಹೋಸ್ಟ್ ಮಾಡಲು ಪೋರ್ಟ್ ಫಾರ್ವರ್ಡಿಂಗ್ ಮಾಡಿ ಅಂತ ಎಲ್ಲ ಗೈಡ್‌ಗಳೂ ಹೇಳುತ್ತವೆ. ರೂಟರ್ ಪುಟಕ್ಕೆ ಹೋಗಿ, ಜಾವಾ ಆದರೆ ಟಿಸಿಪಿ 25565, ಬೆಡ್‌ರಾಕ್ ಸರ್ವರ್ ಆದರೆ ಯುಡಿಪಿ 19132, ಅದನ್ನು ಹೋಸ್ಟ್ ಕಂಪ್ಯೂಟರ್‌ನ ಒಳಗಿನ ಐಪಿಗೆ ತಿರುಗಿಸುವುದು. ಸಲಹೆ ತಪ್ಪಲ್ಲ. ಆದರೆ ನಮ್ಮಲ್ಲಿ ತುಂಬಾ ಮನೆಗಳಲ್ಲಿ ಅದು ಕೆಲಸ ಮಾಡುವುದೇ ಇಲ್ಲ, ಮತ್ತು ಯಾಕೆ ಅಂತ ಗೊತ್ತಿಲ್ಲದೆ ಜನ ವೀಕೆಂಡ್ ಪೂರ್ತಿ ರೂಟರ್ ಪುಟದಲ್ಲೇ ಕಳೆಯುತ್ತಾರೆ.

ಹಳೆಯ ಐಪಿ ಪದ್ಧತಿಯಾದ ಐಪಿವಿ4ನಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಸಂಸ್ಥೆಯ ಸಾಮಾನ್ಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿಯಿತು. ಆಮೇಲೆ ಉಳಿದ ಚೂರನ್ನು ಅಳೆದು ಅಳೆದು ಕೊಟ್ಟರು. ನಮ್ಮಲ್ಲಿ ಬಹುಪಾಲು ಜನ ಇಂಟರ್ನೆಟ್‌ಗೆ ಬಂದದ್ದೇ ಅದಾದ ಮೇಲೆ. ಹಾಗಾಗಿ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚುತ್ತವೆ. ಇದೇ ಸಿಜಿನ್ಯಾಟ್. ದೊಡ್ಡ ಅಪಾರ್ಟ್‌ಮೆಂಟ್‌ಗೆ ಫ್ಲಾಟ್ ನಂಬರ್ ಇಲ್ಲದ ಪಾರ್ಸೆಲ್ ಬಂದ ಹಾಗೆ: ಗೇಟಿನವರೆಗೆ ಬರುತ್ತದೆ, ಯಾರ ಮನೆಗೆ ಅಂತ ಗೊತ್ತಾಗದೆ ಅಲ್ಲೇ ನಿಲ್ಲುತ್ತದೆ. ನಿಮ್ಮ ರೂಟರ್‌ನಲ್ಲಿ ಏನೇ ಬರೆದರೂ ಆ ಗೇಟಿನ ಕೀಲಿ ನಿಮ್ಮ ಹತ್ತಿರ ಇಲ್ಲ.

ಪರೀಕ್ಷೆ ಸುಲಭ. ಹೋಸ್ಟ್ ತನ್ನ ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರ್‌ನ ಹೊರಗಿನ ಕಡೆಯ ವಿಳಾಸ, ನೋಡಲಿ. ಆಮೇಲೆ ಬ್ರೌಸರ್‌ನಲ್ಲಿ 'ನನ್ನ ಐಪಿ ಏನು' ಅಂತ ಹುಡುಕಲಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್‌ಗೆ ಅವಕಾಶ ಇದೆ. ಬೇರೆ ಬೇರೆ ಇದ್ದು, ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಸಿಜಿನ್ಯಾಟ್ ಖಚಿತ; 2012ರಲ್ಲಿ ಈ ಸಾಲನ್ನು ಇದಕ್ಕೆಂದೇ ಎತ್ತಿಟ್ಟರು. ವ್ಯಾನ್ ಐಪಿ 192.168 ಅಂತ ಇದ್ದರೆ ಕಂಪನಿಯ ಬಾಕ್ಸ್ ಒಂದು, ನಿಮ್ಮ ಸ್ವಂತ ರೂಟರ್ ಇನ್ನೊಂದು, ಎರಡು ಬಾಗಿಲು ಇವೆ ಅಂತ ಅನುಮಾನಿಸಿ. ಹಾಗಿದ್ದರೆ ಮೊದಲು ಕಂಪನಿಯ ಬಾಕ್ಸ್‌ನ ವ್ಯಾನ್ ಐಪಿ ನೋಡಬೇಕು.

ಒಂದು ಎಚ್ಚರಿಕೆ: ಫಾರ್ವರ್ಡಿಂಗ್ ಆಯ್ತಾ ಅಂತ ಹೋಸ್ಟ್ ತನ್ನದೇ ಮನೆಯಿಂದ ತನ್ನದೇ ಪಬ್ಲಿಕ್ ಐಪಿ ಹಾಕಿ ನೋಡಬಾರದು. ಒಳಗಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುವುದು ಎಲ್ಲ ರೂಟರ್‌ಗೂ ಆಗುವುದಿಲ್ಲ. ಎಲ್ಲ ಸರಿ ಇದ್ದರೂ ಫೇಲ್ ಅಂತ ತೋರಿಸುತ್ತದೆ. ಬೇರೆ ಮನೆಯ ಗೆಳೆಯ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಐಪಿ, ಪೋರ್ಟ್ ಕೊಟ್ಟು ನೋಡಲಿ. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ದಾರಿ ತೆರೆದಿದೆ. ಆಗ ಹೋಸ್ಟ್ ವರ್ಲ್ಡ್ ತೆರೆದಿಟ್ಟಿರಬೇಕು, ಮರೆಯಬೇಡಿ. ಇದು ಟಿಸಿಪಿಗೆ ಮಾತ್ರ, ಅಂದರೆ ಜಾವಾಗೆ.

ಸಿಜಿನ್ಯಾಟ್ ಇದ್ದರೆ ಏನು ಮಾಡೋದು

ದುಡ್ಡು ಕೊಟ್ಟು ಕಂಪನಿಯಿಂದ ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು. ಬರೀ ಗೇಮ್‌ಗೆ ಅಂದರೆ ನನಗೆ ಅದು ದುಬಾರಿ ಅನಿಸುತ್ತದೆ. ಮೈನ್‌ಕ್ರಾಫ್ಟ್‌ನವರದೇ ಸರ್ವರ್ ಸೇವೆ ರೆಲ್ಮ್ಸ್ ತಿಂಗಳಿಗಿಷ್ಟು ಅಂತ ಚಂದಾ ಕೇಳುತ್ತದೆ. ಎಲ್ಲರೂ ಹಂಚಿಕೊಂಡರೆ ಪರವಾಗಿಲ್ಲ, ಹೋಸ್ಟ್ ಮಲಗಿದ್ದರೂ ವರ್ಲ್ಡ್ ತೆರೆದಿರುತ್ತದೆ.

ಪುಕ್ಕಟೆ ದಾರಿಗಳಲ್ಲಿ ಅತಿ ಸುಲಭ ಇ4ಎಂಸಿ ಅನ್ನುವ ಮಾಡ್. ಹೋಸ್ಟ್ ಒಬ್ಬ ಹಾಕಿಕೊಂಡರೆ ಸಾಕು. ಓಪನ್ ಟು ಲ್ಯಾನ್ ಒತ್ತಿದಾಗ ಚಾಟ್‌ನಲ್ಲಿ ಒಂದು ವಿಳಾಸ ಬರುತ್ತದೆ, ಅದನ್ನು ಗೆಳೆಯರಿಗೆ ಕಳಿಸಿದರೆ ಆಯ್ತು. ಸರ್ವರ್ ಪ್ರತ್ಯೇಕವಾಗಿ ಓಡಿಸುವವರಿಗೆ ಪ್ಲೇಇಟ್ ಇದೆ, ಅದೂ ಇದೇ ತರಹ ಹೊರಗಿನ ಒಂದು ವಿಳಾಸ ಕೊಡುತ್ತದೆ.

ನನ್ನ ಆಯ್ಕೆ ಟೇಲ್‌ಸ್ಕೇಲ್, ದೂರದ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ಆ್ಯಪ್. ಎಲ್ಲರೂ ಇನ್‌ಸ್ಟಾಲ್ ಮಾಡಬೇಕು ಅನ್ನುವುದು ಕಿರಿಕಿರಿ, ಆದರೆ ಒಮ್ಮೆ ಮಾಡಿದರೆ ಮೈನ್‌ಕ್ರಾಫ್ಟ್ ಒಂದೇ ಅಲ್ಲ, ಐಪಿ ಹಾಕಿ ಸೇರುವ ಯಾವ ಗೇಮ್‌ಗೂ ಬರುತ್ತದೆ. ಹೋಸ್ಟ್ ತನ್ನ ಕಂಪ್ಯೂಟರ್ ಒಂದನ್ನೇ ಶೇರ್ ಲಿಂಕ್ ಮೂಲಕ ಗೆಳೆಯರಿಗೆ ಕೊಡಬಹುದು. ಇದು ಕೊಡುವ ಐಪಿಯೂ 100ರಿಂದಲೇ ಶುರುವಾಗುತ್ತದೆ, ಮೇಲೆ ಹೇಳಿದ ಸಾಲಿನಲ್ಲೇ. ಅದನ್ನು ನೋಡಿ ಮತ್ತೆ ಸಿಜಿನ್ಯಾಟ್ ಅಂತ ಹೆದರಬೇಡಿ. ಲ್ಯಾನ್ ವರ್ಲ್ಡ್ ಲಿಸ್ಟ್‌ನಲ್ಲಿ ತಾನಾಗಿ ಕಾಣಿಸುವುದಿಲ್ಲ, ಯಾಕೆಂದರೆ ಆ ಹುಡುಕಾಟಕ್ಕೆ ಬೇಕಾದ ಮಲ್ಟಿಕಾಸ್ಟ್ ಇದರಲ್ಲಿ ಸಾಗುವುದಿಲ್ಲ. ಡೈರೆಕ್ಟ್ ಕನೆಕ್ಷನ್‌ಗೆ ಹೋಗಿ ಐಪಿ, ಕೋಲನ್, ಪೋರ್ಟ್ ಟೈಪ್ ಮಾಡಬೇಕು.

ಸೇರಿದ ಮೇಲೆ ಲ್ಯಾಗ್ ಇದ್ದರೆ ಟೇಲ್‌ಸ್ಕೇಲ್‌ನ ಪಿಂಗ್ ಆಜ್ಞೆ ಓಡಿಸಿ ನೋಡಿ. ಎದುರಿನವರ ಐಪಿ ನೇರವಾಗಿ ಕಂಡರೆ ಒಳ್ಳೆಯದು. ಡರ್ಪ್ ಅಂತ ಕಂಡರೆ ನಡುವಿನ ರಿಲೇ ಮೂಲಕ ಹೋಗುತ್ತಿದೆ, ನಿಧಾನ ಆಗುತ್ತದೆ. ಅವರ ರಿಲೇ ಒಂದು ಬೆಂಗಳೂರಿನಲ್ಲೇ ಇದೆ, ಹಾಗಾಗಿ ಇಬ್ಬರೂ ಕರ್ನಾಟಕದಲ್ಲೇ ಇದ್ದರೆ ರಿಲೇ ಆದರೂ ಆಡುವ ಮಟ್ಟಿಗೆ ಇರುತ್ತದೆ. ಅಮೆರಿಕದ ಕಸಿನ್ ಜೊತೆ ಆಡುವಾಗ 200 ಮಿಲಿಸೆಕೆಂಡ್ ದಾಟುವುದು ಮಾಮೂಲು. ಅದು ದೂರದ ಲೆಕ್ಕ, ಯಾವ ಸೆಟ್ಟಿಂಗ್‌ನಿಂದಲೂ ಕಮ್ಮಿ ಆಗುವುದಿಲ್ಲ.

ಬೆಡ್‌ರಾಕ್ ಮತ್ತು ಕೋಡ್ ರೂಮ್‌ಗಳು

ಬೆಡ್‌ರಾಕ್‌ನಲ್ಲಿ ಗೆಳೆಯರ ವರ್ಲ್ಡ್‌ಗೆ ಐಪಿ ಬೇಕಿಲ್ಲ, ಮೈಕ್ರೋಸಾಫ್ಟ್ ಅಕೌಂಟ್ ಮೂಲಕ ಫ್ರೆಂಡ್ಸ್ ಆಗಿರಬೇಕು. ವರ್ಲ್ಡ್ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಪ್ಲೇಯರ್ ಆನ್ ಇದೆಯಾ ನೋಡಿ. ಮಕ್ಕಳ ಅಕೌಂಟ್ ಆದರೆ ಎಷ್ಟು ಒದ್ದಾಡಿದರೂ ಆಗುವುದಿಲ್ಲ. ಅಪ್ಪನೋ ಅಮ್ಮನೋ ಎಕ್ಸ್‌ಬಾಕ್ಸ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಪ್ಲೇಯರ್‌ಗೆ ಸೇರುವ ಅನುಮತಿ ಕೊಡಬೇಕು. ಫೋನಿನಲ್ಲಿ ಹೋಸ್ಟ್ ಮಾಡುವವನು ನಡುವೆ ವಾಟ್ಸಾಪ್ ನೋಡಲು ಹೋದರೆ ಎಲ್ಲರೂ ಹೊರಗೆ ಬೀಳಬಹುದು.

ಅಮಾಂಗ್ ಅಸ್ ತರಹ ಕೋಡ್ ಹಾಕಿ ಸೇರುವ ಆಟಗಳು ಕಂಪನಿಯ ಸರ್ವರ್‌ನಲ್ಲೇ ನಡೆಯುವುದರಿಂದ ಸಿಜಿನ್ಯಾಟ್ ಅಡ್ಡಿ ಬರುವುದಿಲ್ಲ. ಎಲ್ಲರೂ ಅಪ್‌ಡೇಟ್ ಮಾಡಿದ್ದೀರಾ, ಸರ್ವರ್ ಭಾಗ ಒಂದೇನಾ, ಕೋಡ್‌ನ ಅಕ್ಷರ ಸರಿಯಾ, ಅಷ್ಟು ನೋಡಿ. ಕಾಲೇಜು ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಸೇರಿಕೊಂಡರೆ ತಡೆದದ್ದು ವೈಫೈ ಅಂತ ಗೊತ್ತಾಗುತ್ತದೆ.

ಇನ್ನು ಪೋರ್ಟ್ ತೆರೆದು ಸರ್ವರ್ ಓಡಿಸುವವರು ವೈಟ್‌ಲಿಸ್ಟ್ ಆನ್ ಮಾಡಿಡಿ. ತೆರೆದ 25565ಗಳನ್ನು ಹುಡುಕಿಕೊಂಡೇ ತಿರುಗುವ ಬಾಟ್‌ಗಳಿವೆ, ವಿಳಾಸ ಯಾರಿಗೂ ಹೇಳದಿದ್ದರೂ ಅಪರಿಚಿತರು ಬಂದು ಮನೆ ಸುಟ್ಟು ಹೋಗುತ್ತಾರೆ. ಯಾರೋ ಒಬ್ಬನಿಗೆ ಲಾಗಿನ್ ಆಗ್ತಿಲ್ಲ ಅಂತ ಆನ್‌ಲೈನ್ ಮೋಡ್ (ಅಕೌಂಟ್ ಅಸಲಿಯಾ ಅಂತ ಪರೀಕ್ಷಿಸುವ ಸೆಟ್ಟಿಂಗ್) ಆಫ್ ಮಾಡಬೇಡಿ. ಆಫ್ ಮಾಡಿದರೆ ಯಾರು ಬೇಕಾದರೂ ನಿಮ್ಮ ಹೆಸರಲ್ಲೇ ಒಳಗೆ ಬರಬಹುದು, ಆಗ ವೈಟ್‌ಲಿಸ್ಟ್ ಇದ್ದೂ ಇಲ್ಲದ ಹಾಗೆ.