ಸಿನಿಮಾದ 6-5, ದೆಹಲಿಯ 7-0

ಧಾರವಾಡದಲ್ಲಿ ನನ್ನ ಹತ್ತಿರ ಕುಸ್ತಿ ಕಲಿಯುವ ಹೆಣ್ಣುಮಕ್ಕಳಲ್ಲಿ ನವಲಗುಂದದ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಕಾಲು ಹಿಡಿಯುವುದರಲ್ಲಿ ಬಲು ಚುರುಕು. ಒಂದು ಆಯ್ಕೆ ಪಂದ್ಯದಲ್ಲಿ ಎರಡು ಅಂಕ ಹಿಂದಿದ್ದಳು. ಸಮಯವಿತ್ತು, ಎದುರಾಳಿಯ ಕಾಲೂ ಕೈಗೆ ಎಟುಕುವಂತಿತ್ತು. ಆದರೂ ಸುಮ್ಮನೆ ಸುತ್ತುತ್ತಲೇ ಇದ್ದಳು. ಇನ್ನೇನು ಹತ್ತು ಸೆಕೆಂಡು ಉಳಿದಿದೆ ಎನ್ನುವಾಗ ಸೊಂಟಕ್ಕೆ ಕೈಹಾಕಿ ಎತ್ತಲು ಹೋಗಿ ತಾನೇ ಅಡಿಗೆ ಬಿದ್ದಳು. "ಯಾಕೆ ಕಾದೆ ತಂಗಿ?" ಎಂದು ಕೇಳಿದೆ. "ಗೀತಕ್ಕನ ಹಾಗೆ ಕೊನೆಗೆ ಐದು ಅಂಕ ತೆಗೆಯಬೇಕೆಂದಿದ್ದೆ ಸರ್" ಎಂದು ಅತ್ತುಬಿಟ್ಟಳು.

2016ರಲ್ಲಿ ಕುಸ್ತಿಪಟು ಗೀತಾ ಫೋಗಟ್ ಕಥೆಯ ಹಿಂದಿ ಸಿನಿಮಾ 'ದಂಗಲ್' ಬಂದ ಮೇಲೆ ಮಗಳ ಕೈಹಿಡಿದುಕೊಂಡು ಗರಡಿಗೆ ಬಂದ ತಂದೆಯರನ್ನು ಕಂಡವನು ನಾನು. ಆ ಸಿನಿಮಾದ ಋಣ ನನ್ನ ಮೇಲಿದೆ. ಆದರೆ ಅಂದು ರಾತ್ರಿ ನೋಟ್‌ಬುಕ್ ತೆರೆದು ನಡುವೆ ಗೆರೆ ಎಳೆದೆ. ಎಡಕ್ಕೆ ಸಿನಿಮಾ, ಬಲಕ್ಕೆ ನಡೆದದ್ದು. ಒಂದೊಂದು ಕುಸ್ತಿ ಬಂದಾಗಲೂ ಸಿನಿಮಾ ನಿಲ್ಲಿಸಿ ಅಂಕ ಬರೆದುಕೊಂಡೆ. ಬಲಗಡೆಗೆ ಬೇಕಾದದ್ದನ್ನು ಗ್ರಂಥಾಲಯದಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದ 2010ರ ಅಕ್ಟೋಬರ್ ತಿಂಗಳ ಪತ್ರಿಕೆಗಳ ಕಟ್ಟು ಬಿಚ್ಚಿಸಿ ಹುಡುಕಿದೆ.

ಸಿನಿಮಾದಲ್ಲಿ ಆ ಕೂಟದ 55 ಕೆ.ಜಿ. ಫೈನಲ್ ಮೂರನೇ ಸುತ್ತಿಗೆ ಹೋಗುತ್ತದೆ. ಕೊನೆಯ ಕ್ಷಣದಲ್ಲಿ ಐದು ಅಂಕದ ಎಸೆತ, 6-5ರ ಗೆಲುವು. ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೀತಾ ಫೋಗಟ್ ಆಸ್ಟ್ರೇಲಿಯಾದ ಎಮಿಲಿ ಬೆನ್‌ಸ್ಟೆಡ್ ಅವರನ್ನು ಸೋಲಿಸಿದ್ದು 1-0, 7-0ರಿಂದ. ಎರಡೇ ಸುತ್ತು, ಎದುರಾಳಿಗೆ ಒಂದೂ ಅಂಕವಿಲ್ಲ! ಸಿನಿಮಾದ ಗೀತಾ ಹೊರದೇಶದವರೆದುರು ಸೋತು ಸೋತು ದೆಹಲಿಗೆ ಬರುತ್ತಾಳೆ. ನಿಜವಾದ ಗೀತಾ 2009ರ ಡಿಸೆಂಬರ್‌ನಲ್ಲೇ ಜಲಂಧರ್‌ನ ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದು ಬಂದವರು.

ಇನ್ನೊಂದು ಸಾಲು ಬರೆಯುವಾಗ ನನಗೆ ಸಂಕಟವಾಯಿತು. ಫೈನಲ್ ದಿನ ಗೀತಾಳ ತಂದೆಯನ್ನು ಕೋಣೆಯಲ್ಲಿ ಕೂಡಿಹಾಕಿಸುವ ಕೋಚ್ ಸಿನಿಮಾದಲ್ಲಿದ್ದಾನೆ. ಹಾಗೆ ಕೂಡಿಹಾಕಿದ್ದು ನಡೆದೇ ಇಲ್ಲ. ಆಗ ಮಹಿಳಾ ತಂಡಕ್ಕೆ ಕಲಿಸುತ್ತಿದ್ದ ಪಿ. ಆರ್. ಸೋಂಧಿ ಈ ಚಿತ್ರಣಕ್ಕೆ ನೊಂದು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ಕಥೆಗೊಬ್ಬ ಖಳ ಬೇಕಿದ್ದರೂ ಕಲಿಸಿದವನನ್ನೇ ಖಳನನ್ನಾಗಿ ಮಾಡಬಾರದಿತ್ತು.

ಮರುದಿನ ಬೆಳಿಗ್ಗೆ ಬೈಠಕ್ ಮುಗಿದ ಮೇಲೆ ಹುಡುಗಿಯರನ್ನೆಲ್ಲ ಕೂರಿಸಿ ಎರಡೂ ಬದಿ ಓದಿ ಹೇಳಿದೆ. ನಿಯಮವನ್ನೂ ಬಿಡಿಸಬೇಕಾಯಿತು. ಆಗ ಎರಡೆರಡು ನಿಮಿಷದ ಮೂರು ಸುತ್ತು, ಎರಡು ಗೆದ್ದವರಿಗೆ ಪಂದ್ಯ. ಹೊಸ ಸುತ್ತಿಗೆ ಅಂಕ ಮತ್ತೆ ಸೊನ್ನೆಯಿಂದ ಶುರು. 2013ರಲ್ಲಿ ಅದು ಬದಲಾಯಿತು. ಈಗ ಮೂರು ಮೂರು ನಿಮಿಷದ ಎರಡು ಅವಧಿ, ಮೊದಲ ನಿಮಿಷದಲ್ಲಿ ತೆಗೆದ ಅಂಕವೂ ಕೊನೆಯವರೆಗೆ ಲೆಕ್ಕಕ್ಕಿದೆ. ಹತ್ತು ಅಂಕ ಮುಂದೆ ಹೋದರೆ ಕುಸ್ತಿ ಅಲ್ಲಿಗೇ ಮುಗಿಯಿತು.

"ಹಾಗಾದರೆ ಗೀತಕ್ಕ ಕಾಯಲೇ ಇಲ್ಲವೇ ಸರ್?" ಎಂದಳು ನವಲಗುಂದದ ಹುಡುಗಿ. ಅವಳನ್ನೇ ಮ್ಯಾಟ್ ಮೇಲೆ ನಿಲ್ಲಿಸಿ, ತನಗಿಂತ ಎರಡು ಕಿಲೋ ಹೆಚ್ಚಿನವಳೊಂದಿಗೆ ಹಳೆಯ ನಿಯಮದಲ್ಲೇ ಜೋಡಿ ಹಾಕಿದೆ. ಸೀಟಿ ಊದಿ ಹದಿನೈದು ಸೆಕೆಂಡು ಆಗಿರಲಿಲ್ಲ, ಎಡಗಾಲು ಅವಳ ಕೈಯಲ್ಲಿತ್ತು. ಮೂರನೇ ಸುತ್ತು ಬೇಕಾಗಲೇ ಇಲ್ಲ.