ಗೇಟ್‌ವೇಯನ್ನು ಟ್ರಾನ್ಸಾಕ್ಷನ್‌ನಿಂದ ಹೊರಗಿಟ್ಟ ನನ್ನ ಅನುಭವ

ಡೇಟಾಬೇಸ್ ಟ್ರಾನ್ಸಾಕ್ಷನ್ (ಆದರೆ ಎಲ್ಲಾ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಅನ್ನುವ ಬದಲಾವಣೆಗಳ ಕಟ್ಟು) ತೆರೆದಿರುವಾಗ ಪೇಮೆಂಟ್ ಗೇಟ್‌ವೇಗೆ, ಅಂದರೆ ದುಡ್ಡು ಕಟ್ ಮಾಡುವ ಹೊರಗಿನ ಸೇವೆಗೆ, ಕಾಲ್ ಹೋಗಬಾರದು ಅಂತ ನಾನು ಹೇಳಿದಾಗ ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅನೋಟೇಶನ್ ಹಾಕಿದೀವಲ್ಲ ಗುರು, ಎಡವಟ್ಟಾದ್ರೆ ರೋಲ್‌ಬ್ಯಾಕ್ ಆಗುತ್ತೆ ಬಿಡು" ಅಂದರು. ಅನೋಟೇಶನ್ ಅಂದರೆ ಇಡೀ ಮೆಥಡ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಓಡಲಿ ಅಂತ ಅದರ ಮೇಲೆ ಹಾಕುವ ಗುರುತು; ರೋಲ್‌ಬ್ಯಾಕ್ ಅಂದರೆ ಬರೆದದ್ದನ್ನೆಲ್ಲ ವಾಪಸ್ ತೆಗೆಯುವುದು. ಆದರೆ ರೋಲ್‌ಬ್ಯಾಕ್ ಆಗುವುದು ನಮ್ಮ ಟೇಬಲ್ ಮಾತ್ರ. ಪ್ರಯಾಣಿಕರ ಖಾತೆಯಿಂದ ಹೋದ ದುಡ್ಡು ಹೋದದ್ದೇ.

ನಮ್ಮದು ಬಸ್ ಟಿಕೆಟ್ ಬುಕಿಂಗ್. ಕೋಡ್ ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಸೀಟ್ ಲಾಕ್, ಗೇಟ್‌ವೇ, ಟಿಕೆಟ್, ಎಸ್ಸೆಮ್ಮೆಸ್ ಎಲ್ಲಾ ಒಂದೇ ಮೆಥಡ್‌ನಲ್ಲಿ. ದಸರಾ ರಶ್ಶಿನಲ್ಲಿ ಗೇಟ್‌ವೇ ಉತ್ತರ ಕೊಡೋಕೆ ಎಂಟು-ಹತ್ತು ಸೆಕೆಂಡ್ ತೆಗೆದುಕೊಂಡಿತು. ಹಿಕಾರಿ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಭಾಗ) ಡೀಫಾಲ್ಟ್ 10 ಕನೆಕ್ಷನ್. ಹತ್ತೂ ಅಲ್ಲೇ ಕಾಯುತ್ತಾ ಕೂತವು. ಹಿಂದೆ ಬಂದವರು 30 ಸೆಕೆಂಡ್ ಕಾದು ಎರರ್ ನೋಡಿ ಹೋದರು. ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ತೆಗೆದರೆ ಸಾಲಿಗೆ ಸಾಲು 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತವು. ಸಿಪಿಯು ಐದು ಪರ್ಸೆಂಟೂ ಇಲ್ಲ!

ಆದರೂ ಮೇಲಿನವರು ದೊಡ್ಡ ಮೆಷಿನ್ ತೆಗೆದುಕೊಂಡರು. ತಿಂಗಳಿಗೆ ಹೆಚ್ಚುಕಮ್ಮಿ 40 ಸಾವಿರ ಜಾಸ್ತಿ, ಮೂರ್ನಾಲ್ಕು ತಿಂಗಳು ಕಟ್ಟಿದರು. ಸಿಪಿಯು ಇನ್ನೂ ಕೆಳಗಿಳಿಯಿತು, ಅಷ್ಟೇ. ಆಮೇಲೆ ಪೂಲ್ 60ಕ್ಕೆ ಏರಿಸಿದರು. ಆ್ಯಪ್ ಸರ್ವರ್ ಎರಡು, ಪೋಸ್ಟ್‌ಗ್ರೆಸ್ ಮಿತಿ ಡೀಫಾಲ್ಟ್ 100ರಲ್ಲೇ ಇತ್ತು. ಎರಡರದ್ದೂ ಸೇರಿ 120 ಆಯಿತು, ಲಾಗ್ ತುಂಬಾ 'ಟೂ ಮೆನಿ ಕ್ಲೈಂಟ್ಸ್'. ಅತ್ತ ಅಕೌಂಟ್ಸಿನವರು ದುಡ್ಡು ಕಟ್ ಆಗಿ ಟಿಕೆಟ್ ಬಾರದವರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಾಳೆ ನೋಡುತ್ತಿದ್ದರು.

ನಾನು ಮೆಥಡ್ ಎರಡು ಮಾಡಿದೆ. ಮೊದಲು ಸೀಟ್ ಹೋಲ್ಡ್, ಆ ಪೇಮೆಂಟನ್ನು ಗುರುತಿಸುವ ನಮ್ಮದೇ ಒಂದು ಕೀ ಜೊತೆ 'ಪೆಂಡಿಂಗ್' ಪೇಮೆಂಟ್ ಸಾಲು, ಕಮಿಟ್ (ಬರೆದದ್ದು ಖಾಯಂ, ಟ್ರಾನ್ಸಾಕ್ಷನ್ ಮುಗೀತು). ಆಮೇಲೆ ಗೇಟ್‌ವೇ. ಉತ್ತರ ಬಂದ ಮೇಲೆ ಇನ್ನೊಂದು ಟ್ರಾನ್ಸಾಕ್ಷನ್: ಸಾಲು ಇನ್ನೂ ಪೆಂಡಿಂಗ್ ಇದ್ದರೆ ಮಾತ್ರ ಅಪ್‌ಡೇಟ್. ಸೊನ್ನೆ ಸಾಲು ಅಪ್‌ಡೇಟ್ ಆದರೆ ವೆಬ್‌ಹುಕ್ (ಗೇಟ್‌ವೇ ತಾನಾಗಿಯೇ ನಮಗೆ ಕಳಿಸುವ ಸುದ್ದಿ) ಆಗಲೇ ಕೆಲಸ ಮುಗಿಸಿದೆ ಅಂತ, ಸುಮ್ನೆ ವಾಪಸ್. ಟೈಮ್‌ಔಟ್ ಆದರೆ 'ಫೇಲ್' ಅಂತ ಬರೆಯುವ ಹಾಗೇ ಇಲ್ಲ, ದುಡ್ಡು ಹೋಗಿರಲೂಬಹುದು. ಅದೇ ಕೀ ಹಿಡಿದು ಗೇಟ್‌ವೇಯನ್ನು ಮತ್ತೆ ಕೇಳುವ ಜಾಬ್ ಇದೆ. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು, ಸೀಟ್ ಯಾವಾಗ ಬಿಡಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ. ಎಸ್ಸೆಮ್ಮೆಸ್ ಅದೇ ಎರಡನೇ ಟ್ರಾನ್ಸಾಕ್ಷನ್‌ನಲ್ಲಿ ಔಟ್‌ಬಾಕ್ಸ್ ಟೇಬಲ್‌ಗೆ (ಕಳಿಸಬೇಕಾದ ಸಂದೇಶಗಳ ಪಟ್ಟಿ) ಬೀಳುತ್ತದೆ, ಹಿನ್ನೆಲೆಯಲ್ಲಿ ಓಡುವ ವರ್ಕರ್ 'ಸ್ಕಿಪ್ ಲಾಕ್ಡ್' ಹಾಕಿ, ಅಂದರೆ ಬೇರೆಯವರು ಹಿಡಿದಿರುವ ಸಾಲು ಬಿಟ್ಟು, ಎತ್ತಿಕೊಳ್ಳುತ್ತದೆ. ಇದಕ್ಕೂ ಕಾಫ್ಕಾದಂಥ ದೊಡ್ಡ ಸಂದೇಶ ಸಾಗಿಸುವ ಸಿಸ್ಟಮ್ ಬೇಕು ಅಂದವರಿದ್ದರು!

ಇಷ್ಟಾದರೂ ಮೊದಲ ವಾರ ಏನೂ ಬದಲಾಗಲಿಲ್ಲ. ಕಮಿಟ್ ಆದ ಮೇಲೂ ಕನೆಕ್ಷನ್ ಪೂಲ್‌ಗೆ ಮರಳುತ್ತಿರಲಿಲ್ಲ. "ಹೇಳಿದ್ವಲ್ಲ" ಅನ್ನುವ ಮುಖಗಳು. ಕಾರಣ ಓಪನ್-ಇನ್-ವ್ಯೂ ಅನ್ನುವ ಸೆಟ್ಟಿಂಗ್. ಸ್ಪ್ರಿಂಗ್ ಬೂಟ್‌ನಲ್ಲಿ ಅದು ತಾನಾಗಿಯೇ ಆನ್, ರಿಕ್ವೆಸ್ಟ್ ಮುಗಿಯುವವರೆಗೂ ಕನೆಕ್ಷನ್ ಬಿಡುವುದಿಲ್ಲ. ಆಫ್ ಮಾಡಿದೆ. ಹತ್ತಾರು ಕಡೆ ಲೇಜಿ ಇನಿಷಿಯಲೈಸೇಶನ್ ಎರರ್ (ಡೇಟಾಬೇಸ್ ಸೆಷನ್ ಮುಚ್ಚಿದ ಮೇಲೆ ಬಾಕಿ ಡೇಟಾ ಓದಲು ಹೋದರೆ ಬರುವಂಥದ್ದು) ಎದ್ದವು, ಕೂತು ಒಂದೊಂದೇ ಸರಿ ಮಾಡಿದೆ. ಅನೋಟೇಶನ್ ತೆಗೆದು, ಟ್ರಾನ್ಸಾಕ್ಷನ್ ಎಲ್ಲಿಂದ ಎಲ್ಲಿವರೆಗೆ ಅಂತ ಕೋಡ್‌ನಲ್ಲೇ ಬರೆಯುವ ಟ್ರಾನ್ಸಾಕ್ಷನ್ ಟೆಂಪ್ಲೇಟ್ ಹಾಕಿದೆ. ಅದೇ ಕ್ಲಾಸಿನ ಒಳಗಿಂದ ಕರೆದರೆ ಅನೋಟೇಶನ್ ಕೆಲಸ ಮಾಡುವುದಿಲ್ಲ, ಗೊತ್ತಲ್ವಾ?

ಮುಂದಿನ ವರ್ಷದ ದೀಪಾವಳಿಗೆ ಗೇಟ್‌ವೇ ಮತ್ತೆ ಮಲಗಿತು. ಬುಕಿಂಗ್ ನಿಲ್ಲಲಿಲ್ಲ. ಈಗ ಹಳೇ ಮೆಷಿನ್, ಪೂಲ್ 15.

ನಡುವೆ ಸೀರಿಯಲೈಸಬಲ್ (ಟ್ರಾನ್ಸಾಕ್ಷನ್‌ಗಳು ಒಂದಾದ ಮೇಲೊಂದು ಓಡಿದ ಹಾಗೇ ಫಲ ಬರಬೇಕು ಅನ್ನುವ ಕಟ್ಟುನಿಟ್ಟಿನ ಮಟ್ಟ) ಕೂಡ ಹಾಕಿ ನೋಡಿದೆ. ಖಾಲಿ ಬಸ್ಸಿಗೆ ಚೆನ್ನಾಗಿತ್ತು. ಶುಕ್ರವಾರ ರಾತ್ರಿಯ ಸ್ಲೀಪರ್‌ಗೆ 40001 ಎರರ್ (ಬೇರೆ ಟ್ರಾನ್ಸಾಕ್ಷನ್ ಜೊತೆ ಡಿಕ್ಕಿ, ಮತ್ತೆ ಮಾಡು ಅಂತ) ಸುರಿದು, ರಿಟ್ರೈ ಮೇಲೆ ರಿಟ್ರೈ. ಸೀಟಿಗೆ 'ಫಾರ್ ಅಪ್‌ಡೇಟ್' ಲಾಕೇ (ಆ ಸಾಲು ಹಿಡಿದು ಬೇರೆಯವರನ್ನು ಕಾಯಿಸುವುದು) ವಾಸಿ. ಒಬ್ಬರು 11, 12 ಅಂತ, ಇನ್ನೊಬ್ಬರು 12, 11 ಅಂತ ಆರಿಸಿದರೆ ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಕೊಳ್ಳುವ ಡೆಡ್‌ಲಾಕ್. ಲಾಕ್ ಮಾಡುವ ಮುಂಚೆ ಸೀಟ್ ನಂಬರ್ ಸಾರ್ಟ್ ಮಾಡಿ. ಕ್ಯಾನ್ಸಲೇಶನ್ ಮಾಡ್ಯೂಲ್ ಇನ್ನೂ ಹಳೇ ಅನೋಟೇಶನ್ ಮೇಲೇ ಓಡುತ್ತಿದೆ. ಅದಕ್ಕೆ ಎರಡು ವಾರ ಟೈಮ್ ಕೇಳಿದ್ದೇನೆ.